ಇತರೆ

ಅಂಗನವಾಡಿಯ ಜಗಲಿಯಲ್ಲಿ ನಿನ್ನೆ
ಮುಳಿಯಡ್ಕವನ್ನು ಸೀಮೆಸುಣ್ಣದಲ್ಲಿ ಬಿಡಿಸಿದೆವು.
ಉತ್ತರ ಯಾವ ಕಡೆ ಎಂದು ಓವರ್‌ಸಿಯರ್ ಕೇಳಿದ್ದಕ್ಕೆ
"ಮೀನಿನ ಬೈಕು ಬರುವ ಕಡೆ" ಅಂದರು ಮೈಮೂನಕ್ಕ.
ಸರಿ, ಮೀನಿನ ಬೈಕು ಬರುವ ಕಡೆಗೆ ಒಂದು ಬಾಣ.

ನನ್ನ ಕೆಲಸ ಬರೆಯುವುದು.
ಫಾರ್ಮು ಮಲಯಾಳದಲ್ಲಿ, ಮಾತು ಐದು ಭಾಷೆಯಲ್ಲಿ,
ಜಗಳ ಮಾತ್ರ ಎಲ್ಲರದ್ದೂ ತುಳುವಿನಲ್ಲಿ.
ನಡುವೆ ಕೂತು ನಾನು ಒಬ್ಬರ ಬೈಗುಳವನ್ನು
'ಆಕ್ಷೇಪ ವ್ಯಕ್ತಪಡಿಸಿದರು' ಎಂದು ಮಾಡುವವಳು.

ಮುಂದಿನ ಐದು ವರ್ಷಕ್ಕೆ ನೆರೆಕರೆಗೆ ಎಂತ ಬೇಕು?
ಬಸ್ಸು ಬೇಕು. ಬಸ್ಸು ತಿರುಗಲು ಜಾಗ ಬೇಕು.
ಬೀದಿದೀಪ ಬೇಡ ಅಂದ ಲೋಹಿತಾಕ್ಷ,
ಯಾಕೆಂದು ಹೇಳಲಿಲ್ಲ; ಹೆಂಗಸರು ನಕ್ಕರು.
ಶಾಲೆಗೆ ಕನ್ನಡ ಕಲಿಸುವ ಟೀಚರು ಬೇಕು,
ಹೋದ ಸಲದಂತೆ ಇಲ್ಲಿಗೆ ಬಂದು ಕನ್ನಡ ಕಲಿಯುವವರಲ್ಲ.

ತುಕ್ರು ಮೆಟ್ಟಿಲ ಬಳಿ ನಿಂತೇ ಇದ್ದರು.
ಬುಟ್ಟಿ ಕೆಳಗಿಡದೆ, ನಕ್ಷೆ ನೋಡಿ ಕೇಳಿದರು:
"ಕಸದ ಕೊಠಡಿ ಎಂದು ಬರೆದದ್ದು
ನನ್ನ ಅಡಿಗೆಕೋಣೆ ಅಲ್ಲವೋ?"
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಮೆಂಬರು ಲತಿಕಾ ಸೆರಗಿನಿಂದಲೇ ಒರೆಸಿದರು.
ಒರೆಸಿದ ಜಾಗ ಬೆಳ್ಳಗೆ, ಮಬ್ಬಾಗಿ ಉಳಿಯಿತು.

ರಸ್ತೆಯ ವಿಷಯ ಬರುವಾಗ ಚಹಾ ಬಂತು.
ಗುಡ್ಡೆಯ ನೆತ್ತಿಯಿಂದ ನೇರ ಕೆಳಗೆ, ಆರು ಮೀಟರ್ ಅಗಲ,
ಓವರ್‌ಸಿಯರ್ ಬಿಜು ಸ್ಕೇಲಿಟ್ಟು ಗೆರೆ ಎಳೆದ.
ಸ್ಕೇಲಿಗೆ ದಾಕ್ಷಿಣ್ಯ ಇರುವುದಿಲ್ಲ.
ಎಲ್ಲರೂ ಸೈ ಅಂದರು. 'ಸರ್ವಾನುಮತ' ಎಂದು ಬರೆಯಹೊರಟೆ.

ಆಗ ಚನಿಯ ನಾಯ್ಕರು ಎದ್ದರು,
ಸುರಂಗದ ಅಳತೆಗೇ ಬೆನ್ನು ಬಗ್ಗಿದವರು.
"ಅದರ ಅಡಿಯಲ್ಲಿ ಎಂತ ಉಂಟು, ಗೊತ್ತುಂಟಾ?"
ಉತ್ತರಕ್ಕೆ ಕಾಯದೆ ಅಂಗಳಕ್ಕಿಳಿದರು.

ನಾವೆಲ್ಲ ಗುಡ್ಡೆ ಹತ್ತಿದೆವು, ಚಹಾ ಲೋಟದ ಸಮೇತ.
ಮುರಕಲ್ಲಿನ ಮೇಲೆ, ಒಣಗಿದ ಮುಳಿಯ ನಡುವೆ
ಅವರು ಕಣ್ಣು ಮುಚ್ಚಿ ನಡೆಯತೊಡಗಿದರು
(ಒಳಗೆ ಹೇಗೂ ಕತ್ತಲೆಯೇ ಅಲ್ಲವೇ)
ಮೂವತ್ತೆಂಟು ಕೋಲು ನೆಟ್ಟಗೆ, ಅಲ್ಲಿಂದ ಎಡಕ್ಕೆ.
"ಇಲ್ಲಿ ಮೇಣದಬತ್ತಿ ನಂದಿತ್ತು, ಗಾಳಿಗೆ ತೂತು ಕೊರೆದೆವು.
ಇಲ್ಲಿ ಕರಿಬಂಡೆ, ಸುತ್ತುಹಾಕಿದೆವು.
ಇಲ್ಲಿ ನನ್ನ ತಮ್ಮ ಬಟ್ಯ..."
ಅಷ್ಟೇ ಹೇಳಿ ಎರಡು ಹೆಜ್ಜೆ ಬೇಗ ಬೇಗ ನಡೆದರು.
ಹಿಂದೆ ಮೈಮೂನಕ್ಕನ ಮೊಮ್ಮಗ ಸುಣ್ಣದ ಪುಡಿ ಉದುರಿಸುತ್ತ ಬಂದ,
ವಾಲಿಬಾಲ್ ಅಂಕಣಕ್ಕೆಂದು ತಂದಿಟ್ಟ ಸುಣ್ಣ.

ಕೊನೆಗೆ ನಿಂತಲ್ಲಿ ಹಿಮ್ಮಡಿಯಿಂದ ಒಮ್ಮೆ ಗುದ್ದಿದರು.
"ಇಲ್ಲಿ ನೀರು."
ಕಿವಿಗೊಟ್ಟೆವು. ಏನೂ ಕೇಳಿಸಲಿಲ್ಲ.
ಕೆಳಗೆ ಹನ್ನೊಂದು ಮನೆಯ ಕೊಡಪಾನಗಳು
ಆ ಕೇಳಿಸದ್ದನ್ನೇ ನಂಬಿ ಕೂತಿವೆ.

ಬಿಳಿ ಗೆರೆ ರಸ್ತೆಯನ್ನು ಎರಡು ಕಡೆ ದಾಟಿತ್ತು.
ಬಿಜು ತಲೆ ಕೆರೆದುಕೊಂಡ:
"ಇದು ಯಾವ ರಿಜಿಸ್ಟರಿನಲ್ಲೂ ಇಲ್ಲವಲ್ಲ!"
ಅವನ ತಪ್ಪಲ್ಲ. ಪಾಪ, ಅವನ ಊರು ಬೇರೆ.

ಇನ್ನು ರಸ್ತೆ ಬಾಗಬೇಕು. ಬಾಗಿದರೆ
ಮೈಮೂನಕ್ಕನ ಹೊಸ ಕಾಂಪೌಂಡು ಗೋಡೆ ಹೋಗುತ್ತದೆ,
ಕುರಿಯ ಹಣ ಎತ್ತಿ ಕಟ್ಟಿಸಿದ್ದು.
ಅವರು ಗೋಡೆಯನ್ನು ನೋಡಿದರು, ನಾಯ್ಕರ ಬೆನ್ನನ್ನು ನೋಡಿದರು,
"ನಾಳೆ ಹೇಳ್ತೇನೆ" ಅಂದು ಲೋಟ ತೊಳೆಯಲು ಹೋದರು.
ಇವತ್ತು ಸಂಜೆಯಾಯಿತು, ಹೇಳಿಲ್ಲ.

ಫಾರ್ಮಿನಲ್ಲಿ ರಸ್ತೆ, ಕಟ್ಟಡ, ಬಾವಿ, ಸ್ಮಶಾನ,
ಕಣ್ಣಿಗೆ ಕಾಣುವುದಕ್ಕೆಲ್ಲ ಒಂದೊಂದು ಚೌಕ ಉಂಟು.
ಸುರಂಗಕ್ಕೆ ಇಲ್ಲ. ಕಟ್ಟಕಡೆಗೆ
'ಇತರೆ' ಎಂದು ಒಂದಿಂಚು ಜಾಗ.
ಅಲ್ಲಿ ಕನ್ನಡದಲ್ಲೇ ಬರೆದೆ, ತಪ್ಪಾದರೆ ವಾಪಸು ಬರಲಿ:
ಇದರ ಅಡಿಯಲ್ಲಿ ಇಬ್ಬರು ಬಗ್ಗಿಕೊಂಡು ನಡೆದಿದ್ದಾರೆ.
ದಯವಿಟ್ಟು ಸುತ್ತುಹಾಕಿ ಹೋಗಿ.

ಜಾಗ ಸಾಲದೆ ಅಕ್ಷರಗಳು ಅಂಚಿಗೆ ಹತ್ತಿವೆ.
ಬಟ್ಯನ ಹೆಸರಿಗೆ
ಬೇರೆ ಹಾಳೆ ಲಗತ್ತಿಸಿದ್ದೇನೆ.